ಹಾರ್ಮೋನಿಯಂ ಮಾಸ್ತರರ ಅಂಚೆ: ದುಡಿಯುವವರ ಹಾಡು, ಅಳುವವರ ಹಾಡು

ಕಳೆದ ತಿಂಗಳು ಚರ್ಚ್ ಸಂಗೀತದ ಬಗ್ಗೆ ಬರೆಯುವಾಗ ಅಮೆರಿಕದ 'ದಿ ಪೋರ್ಟರ್ಸ್ ಗೇಟ್' ಎಂಬ ಗುಂಪಿನ ಹೆಸರು ಎತ್ತಿದ್ದೆ. ಆರಾಧನೆಯ ಹಾಡು ಕಟ್ಟುವವರು, ಆದರೆ ದುಡಿಮೆ, ನೆರೆಹೊರೆ, ಜನಾಂಗದ್ವೇಷ, ಹವಾಮಾನ ಇವನ್ನೂ ಹಾಡಿನೊಳಗೆ ತರುವವರು ಎಂದು ಎರಡು ಸಾಲು ಬರೆದು ಮುಂದೆ ಹೋಗಿದ್ದೆ. ಆ ಎರಡು ಸಾಲಿಗೇ ಪತ್ರಗಳು ಜಾಸ್ತಿ ಬಂದಿವೆ. ಬೈದವರೂ ಇದ್ದಾರೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಹಾರ್ಮೋನಿಯಂ ಬೆಲ್ಲೋಸ್ ರಿಪೇರಿ, ತಬಲಾ ಶ್ರುತಿ ಕೇಳಿದವರು ಒಂದು ತಿಂಗಳು ತಾಳಿಕೊಳ್ಳಬೇಕು.

ಪ್ರಶ್ನೆ: ನೀವು ಹೇಳಿದ ಗುಂಪನ್ನು ಯೂಟ್ಯೂಬ್‌ನಲ್ಲಿ ಹುಡುಕಿದೆ. ಒಂದೊಂದು ಹಾಡಿಗೆ ಒಂದೊಂದು ದನಿ. ಇದು ಬ್ಯಾಂಡೋ, ಕ್ವಾಯರೋ? ಮುಖ್ಯ ಗಾಯಕರು ಯಾರು?
*ಕಾಲೇಜು ವಿದ್ಯಾರ್ಥಿನಿ, ಮಂಗಳೂರು*

ಎರಡೂ ಅಲ್ಲ ಮಗಳೇ. ಮುಖ್ಯ ಗಾಯಕರು ಅಂತ ಯಾರೂ ಇಲ್ಲ. ಇದನ್ನು 2017ರಲ್ಲಿ ಶುರು ಮಾಡಿದವರು ಐಸಾಕ್ ವಾರ್ಡೆಲ್ ಮತ್ತು ಮೇಗನ್ ವಾರ್ಡೆಲ್ ದಂಪತಿ. ಐಸಾಕ್ ವರ್ಜೀನಿಯಾ ರಾಜ್ಯದ ಷಾರ್ಲಟ್ಸ್‌ವಿಲ್ ಊರಿನ ಒಂದು ಪ್ರೆಸ್ಬಿಟೇರಿಯನ್ (ಪ್ರಾಟೆಸ್ಟೆಂಟರ ಒಂದು ಪಂಗಡ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನಾ ಸಂಗೀತ ನೋಡಿಕೊಳ್ಳುತ್ತಿದ್ದವರು. ಅದಕ್ಕೂ ಮೊದಲು 'ಬೈಫ್ರಾಸ್ಟ್ ಆರ್ಟ್ಸ್' ಎಂಬ ಇನ್ನೊಂದು ಕೂಟ ಕಟ್ಟಿದ್ದರು. ಜನರನ್ನು ಕೂಡಿಸುವ ಕಲೆ ಅವರಿಗೆ ಹೊಸದಲ್ಲ.

ಈ ಗುಂಪಿನಲ್ಲಿ 50ಕ್ಕೂ ಹೆಚ್ಚು ಮಂದಿ ಬಂದು ಹೋಗುತ್ತಾರೆ. ಹಾಡುಗಾರರಿದ್ದಾರೆ, ಗೀತೆ ಬರೆಯುವವರಿದ್ದಾರೆ, ಸಭಾಪಾಲಕರಿದ್ದಾರೆ, ದೇವರಶಾಸ್ತ್ರ ಓದಿದ ಪಂಡಿತರಿದ್ದಾರೆ. ಬಿಳಿಯರು, ಕರಿಯರು, ಪ್ರಾಟೆಸ್ಟೆಂಟರು, ಕ್ಯಾಥೊಲಿಕರು ಎಲ್ಲ ಕಲಸಿಕೊಂಡಿದ್ದಾರೆ. ಲಿಜ್ ವೈಸ್, ಜಾಶ್ ಗ್ಯಾರೆಲ್ಸ್, ಪಾಲ್ ಜಾಕ್ ಇವರ ದನಿ ನಿನಗೆ ಕೇಳಿಸಿರಬಹುದು. ಮ್ಯಾಡಿಸನ್ ಕನಿಂಗ್‌ಹ್ಯಾಮ್ ಎಂಬ ಹುಡುಗಿ ಮೊದಲ ಆಲ್ಬಮ್‌ನಲ್ಲಿ ಹಾಡಿದ್ದಳು. ಮುಂದೆ 2023ರಲ್ಲಿ ಅವಳ ಸ್ವಂತ ಆಲ್ಬಮ್‌ಗೆ ಜಾನಪದ ವಿಭಾಗದ ಗ್ರ್ಯಾಮಿ ಬಂತು. ಅಂದರೆ ಸುಮ್ನೆ ಭಾನುವಾರದ ಹವ್ಯಾಸಿಗಳಲ್ಲ.

ಗುಂಪಿನ ಹೆಸರಿನಲ್ಲಿರುವ ಪೋರ್ಟರ್ ಎಂದರೆ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಕೆಂಪು ಅಂಗಿಯವನಲ್ಲ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ಒಂದು ನಿಯಮಾವಳಿ ಬರೆದ. ಅದರ 66ನೇ ಅಧ್ಯಾಯದಲ್ಲಿ ಬಾಗಿಲು ಕಾಯುವವನ ಕೆಲಸ ಹೇಳಿದೆ. ಅವನು ತಿಳಿದ ಮುದುಕನಾಗಿರಬೇಕು, ಬಾಗಿಲ ಪಕ್ಕದಲ್ಲೇ ಅವನ ಕೋಣೆ ಇರಬೇಕು. ಯಾರು ಬಾಗಿಲು ತಟ್ಟಿದರೂ, ಬಡವನೊಬ್ಬ ಹೊರಗಿನಿಂದ ಕೂಗಿದರೂ, ಕೂಡಲೇ 'ದೇವರಿಗೆ ಸ್ತೋತ್ರ' ಎಂದು ಓಗೊಡಬೇಕು. ಯಾರು, ಏನು, ಯಾವ ಊರು ಎಂಬ ವಿಚಾರಣೆ ಆಮೇಲೆ. ಈ ಗುಂಪು ಮಾಡಬೇಕೆಂದಿರುವುದೂ ಅದೇ ಕೆಲಸ. ಚರ್ಚಿನ ಬಾಗಿಲಲ್ಲಿ ನಿಂತು ಹೊರಗೆ ಯಾರಿದ್ದಾರೆ ನೋಡುವುದು.

ಪ್ರಶ್ನೆ: ಮಾಸ್ತರರೇ, ಆರಾಧನೆ ಎಂದರೆ ದೇವರ ಸ್ತುತಿ. ಅದರಲ್ಲಿ ಪೊಲೀಸರು, ಬಣ್ಣಭೇದ, ಹವಾಮಾನ ಯಾಕೆ ಬರಬೇಕು? ಇದು ರಾಜಕೀಯವನ್ನು ಪೀಠಕ್ಕೆ ಹತ್ತಿಸಿದಂತಲ್ಲವೇ? ನಿಮ್ಮಂಥ ಹಿರಿಯರು ಇದನ್ನು ಹೊಗಳಿದ್ದು ಬೇಸರವಾಯಿತು.
*ನಿವೃತ್ತ ಶಿಕ್ಷಕರು, ಧಾರವಾಡ*

ಬೇಸರ ಮಾಡಿಕೊಳ್ಳಬೇಡಿ ಸರ್. ನಿಮ್ಮ ಪ್ರಶ್ನೆಯನ್ನೇ ನಮ್ಮ ಸಭೆಯ ಒಬ್ಬ ಹಿರಿಯರೂ ನನಗೆ ಕೇಳಿದ್ದಾರೆ. ಅದೂ ಆರಾಧನೆ ಮುಗಿದು ಚಹಾ ಕುಡಿಯುವಾಗ, ಎಲ್ಲರ ಮುಂದೆ.

ಮೊದಲು ಅಲ್ಲಿನ ಸಂಗತಿ ಹೇಳುತ್ತೇನೆ. ಈ ಗುಂಪು ಹುಟ್ಟಿದ ವರ್ಷವೇ, 2017ರ ಆಗಸ್ಟ್‌ನಲ್ಲಿ, ಷಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗವಾದಿಗಳು ಪಂಜು ಹಿಡಿದು ಮೆರವಣಿಗೆ ಮಾಡಿದರು. ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣ ರಾಜ್ಯಗಳ ದಳಪತಿ ರಾಬರ್ಟ್ ಲೀಯ ಪ್ರತಿಮೆ ತೆಗೆಯಬಾರದು ಎಂಬುದು ಅವರ ನೆಪ. ಅದನ್ನು ವಿರೋಧಿಸಿ ಬೀದಿಗೆ ಬಂದವರ ಮೇಲೆ ಒಬ್ಬ ಕಾರು ಹತ್ತಿಸಿದ. ಹೆದರ್ ಹೆಯರ್ ಎಂಬ ಯುವತಿ ಸತ್ತಳು. ಇದು ದೂರದ ಸುದ್ದಿಯಲ್ಲ, ಅವರದೇ ಊರಿನ ಬೀದಿ. ಮುಂದಿನ ಭಾನುವಾರ ಅದೇ ಊರಿನಲ್ಲಿ ಆರಾಧನೆ ನಡೆಸಬೇಕು. ಏನು ಹಾಡುತ್ತೀರಿ? 'ಎಲ್ಲ ಚೆನ್ನಾಗಿದೆ' ಅಂತಲೇ?

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿದ. ಆತ ಉಸಿರು ಕಟ್ಟಿ ಸತ್ತ. ಆ ವರ್ಷ ಗುಂಪು ಎರಡು ಆಲ್ಬಮ್ ತಂದಿತು. ಒಂದರ ಹೆಸರು 'ಲಮೆಂಟ್ ಸಾಂಗ್ಸ್', ಅಂದರೆ ಗೋಳಿನ ಹಾಡುಗಳು. ಇನ್ನೊಂದು 'ಜಸ್ಟಿಸ್ ಸಾಂಗ್ಸ್', ನ್ಯಾಯದ ಹಾಡುಗಳು. ಅದೇ ಹೊತ್ತಿನಲ್ಲಿ ಅವರು ಕಟ್ಟಿದ ಒಂದು ಹಾಡಿನ ಬಗ್ಗೆ ಹೇಳಲೇಬೇಕು. ಶುಭ ಶುಕ್ರವಾರ ಜಗತ್ತಿನ ಎಷ್ಟೋ ಚರ್ಚುಗಳಲ್ಲಿ ಹಾಡುವ ಹಳೆಯ ಗೀತೆಯೊಂದಿದೆ. ಮುಳ್ಳಿನ ಕಿರೀಟದಿಂದ ಗಾಯಗೊಂಡ ಪವಿತ್ರ ಶಿರಸ್ಸನ್ನು ನೋಡಿ ಅಳುವ ಗೀತೆ ಅದು. ಮೂಲ ಲ್ಯಾಟಿನ್. 17ನೇ ಶತಮಾನದಲ್ಲಿ ಪಾಲ್ ಗೆರ್ಹಾರ್ಟ್ ಅದನ್ನು ಜರ್ಮನ್‌ಗೆ ತಂದ. ಅದರ ರಾಗವನ್ನು ಜರ್ಮನ್ ಸಂಗೀತಗಾರ ಬಾಖ್, ಮತ್ತಾಯನ ಸುವಾರ್ತೆ ಹಿಡಿದು ಯೇಸುವಿನ ಶ್ರಮೆ ಮರಣ ಹೇಳುವ ತನ್ನ ದೊಡ್ಡ ಕೃತಿಯಲ್ಲಿ ಮತ್ತೆ ಮತ್ತೆ ಬಳಸಿದ್ದಾನೆ. ಈ ಗುಂಪಿನವರು ಆ ಗೀತೆಯ ಮೊದಲ ಸಾಲು ಹಿಡಿದು, ಶಿರಸ್ಸು ಇದ್ದ ಕಡೆ ಕುತ್ತಿಗೆಯನ್ನು ಇಟ್ಟರು. ಅಷ್ಟೇ. ಹಳೆಯ ಗೀತೆ ಗೊತ್ತಿದ್ದವರಿಗೆ ಎದೆ ಝಲ್ಲೆನ್ನುತ್ತದೆ. ಯಾವ ಪಕ್ಷದ ಹೆಸರೂ ಬೇಕಾಗಲಿಲ್ಲ.

ಈಗ ನಿಮ್ಮ ಮುಖ್ಯ ಮಾತಿಗೆ ಬರುತ್ತೇನೆ. ಆರಾಧನೆ ಎಂದರೆ ಸ್ತುತಿ ಮಾತ್ರ ಎಂದು ಯಾರು ಹೇಳಿದರು ಸರ್? ಸತ್ಯವೇದದ, ಅಂದರೆ ಬೈಬಲಿನ, ಕೀರ್ತನೆಗಳನ್ನೇ ತೆಗೆಯಿರಿ. 150ರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೂ ಹೆಚ್ಚು ಗೋಳಿನವು. 13ನೆಯದು 'ಇನ್ನೆಷ್ಟು ಕಾಲ' ಎಂದೇ ಶುರುವಾಗುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಆಮೋಸ ಪ್ರವಾದಿಯ 5ನೇ ಅಧ್ಯಾಯದಲ್ಲಿ ದೇವರೇ ನಿಮ್ಮ ಹಾಡುಗಳ ಗದ್ದಲ ತೊಲಗಿಸಿ, ನ್ಯಾಯ ಹೊಳೆಯಂತೆ ಹರಿಯಲಿ ಎನ್ನುತ್ತಾನೆ. ಹಾರ್ಮೋನಿಯಂ ಮುಂದೆ ಕೂರುವ ನನ್ನಂಥವನಿಗೆ ಇದು ಮೈ ನಡುಗಿಸುವ ಮಾತು. ಯೇಸುವಿನ ತಾಯಿ ಮರಿಯಳ ಹಾಡಂತೂ ಬಲವಂತರು ಸಿಂಹಾಸನದಿಂದ ಇಳಿದು, ಹಸಿದವರು ತುಂಬಿಕೊಂಡು, ಐಶ್ವರ್ಯವಂತರು ಬರಿಗೈಯಲ್ಲಿ ಹೋಗುವ ಹಾಡು. ಕ್ರಿಸ್‌ಮಸ್‌ಗೆ ಅದನ್ನು ನಾವೇ ಇಂಪಾಗಿ ಓದುತ್ತೇವಲ್ಲ? ಇಂಪಿನಲ್ಲಿ ಅರ್ಥ ಜಾರಿ ಹೋಗಿದೆ, ಅಷ್ಟೇ.

ಇದು ಅಮೆರಿಕದಲ್ಲೂ ಹೊಸದಲ್ಲ. 1962ರಲ್ಲಿ ಜಾರ್ಜಿಯಾದ ಆಲ್ಬನಿ ಊರಿನಲ್ಲಿ ಹುಟ್ಟಿದ 'ಫ್ರೀಡಂ ಸಿಂಗರ್ಸ್' ನಾಲ್ವರು ಕರಿಯ ಯುವಜನರು. ಚರ್ಚಿನಲ್ಲಿ ಅಜ್ಜಿಯರು ಹಾಡುತ್ತಿದ್ದ ಗೀತೆಗಳಲ್ಲೇ ಒಂದೆರಡು ಮಾತು ಬದಲಿಸಿ, ಊರೂರು ಸುತ್ತಿ, ವಿದ್ಯಾರ್ಥಿಗಳ ಅಹಿಂಸಾ ಹೋರಾಟಕ್ಕೆ ದುಡ್ಡು ಕೂಡಿಸಿದರು. ಪ್ರಾರ್ಥನೆ ಎಲ್ಲಿ ಮುಗಿಯಿತು, ಚಳವಳಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಆ ಸಭೆಗಳಲ್ಲಿ ಕಷ್ಟವಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಹಾಡು ಘೋಷಣೆಯಾದರೆ ಕೆಡುತ್ತದೆ. 'ಜಸ್ಟಿಸ್ ಸಾಂಗ್ಸ್'ನಲ್ಲಿ ಕೆಲವು ಕಡೆ ನನಗೆ ಹಾಗೆ ಅನ್ನಿಸಿತು. ನ್ಯಾಯ, ದಬ್ಬಾಳಿಕೆ ಎಂಬ ದೊಡ್ಡ ಮಾತುಗಳು ಬಂದ ಕೂಡಲೇ ರಾಗವೂ ಎದೆಯುಬ್ಬಿಸಿಕೊಂಡು ನಡೆಯುತ್ತದೆ. ಅದಕ್ಕಿಂತ ಗೋಳಿನ ಆಲ್ಬಮ್ ಮೇಲು. ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳುತ್ತಿಲ್ಲ.

ಪ್ರಶ್ನೆ: ನಮ್ಮ ಯುವಜನ ಸಂಘದಲ್ಲಿ ಮೂವರು ಕೂತು ಒಂದು ಹಾಡು ಬರೆಯಲು ಹೋದರೆ ಜಗಳವಾಗುತ್ತದೆ. ಒಬ್ಬ ಬರೆದದ್ದು ಇನ್ನೊಬ್ಬನಿಗೆ ಹಿಡಿಸುವುದಿಲ್ಲ. ಇವರು ಐವತ್ತು ಜನ ಹೇಗೆ ಬರೆಯುತ್ತಾರೆ?
*ಕೀಬೋರ್ಡ್ ವಾದಕ, ಗದಗ-ಬೆಟಗೇರಿ*

ಐವತ್ತು ಜನ ಒಂದೇ ಹಾಳೆ ಮೇಲೆ ಬರೆಯುವುದಿಲ್ಲ ತಮ್ಮಾ. ಅವರು ಮೊದಲು ಒಂದು ವಿಷಯ ಹಿಡಿಯುತ್ತಾರೆ. ಹಾಡುಗಾರರು, ಪಂಡಿತರು, ಸಭಾಪಾಲಕರು ಎಲ್ಲ ಒಂದು ಕಡೆ ಸೇರಿ ಆ ವಿಷಯದ ಮೇಲೆ ಮಾತಾಡುತ್ತಾರೆ. ಗಿಟಾರ್ ಆಮೇಲೆ. ಮಾತು ಹದಕ್ಕೆ ಬಂದ ಮೇಲೆ ಇಬ್ಬರು, ಮೂವರು, ನಾಲ್ವರು ಚಿಕ್ಕ ಗುಂಪಾಗಿ ಕೂತು ಬರೆಯುತ್ತಾರೆ. ಬರೆದದ್ದನ್ನು ಎಲ್ಲರೂ ಸೇರಿ ಹಾಡಿ ನೋಡುತ್ತಾರೆ. ಮೊದಲ ಆಲ್ಬಮ್ 'ವರ್ಕ್ ಸಾಂಗ್ಸ್' ನ್ಯೂಯಾರ್ಕ್‌ನಲ್ಲಿ ಹೀಗೆ ಕೂಡಿದಾಗ, ಎಲ್ಲರೂ ಒಂದೇ ಕೋಣೆಯಲ್ಲಿ ಹಾಡಿ ಧ್ವನಿಮುದ್ರಿಸಿದ್ದು. ಹೆಡ್‌ಫೋನ್ ಹಾಕಿ ಕೇಳು. ಮುಂದೆ ಒಬ್ಬರು ಹಾಡುತ್ತಾರೆ, ಹಿಂದೆ ಕೋಣೆ ತುಂಬ ಜನ ದನಿಗೂಡಿಸುತ್ತಾರೆ. ಸ್ಟುಡಿಯೋದಲ್ಲಿ ಒಬ್ಬನ ದನಿಯನ್ನೇ ಹತ್ತು ಪಟ್ಟು ಮಾಡಿದಾಗ ಬರುವ ಸದ್ದಲ್ಲ ಅದು.

ಆ ಆಲ್ಬಮ್‌ನ ವಿಷಯ ದುಡಿಮೆ. ಕಚೇರಿ, ಹೊಲ, ಅಡುಗೆಮನೆ, ಕಾರ್ಖಾನೆ. ಸೋಮವಾರದಿಂದ ಶನಿವಾರದವರೆಗೆ ಮನುಷ್ಯ ಮಾಡುವ ಕೆಲಸಕ್ಕೂ ಭಾನುವಾರದ ಹಾಡಿಗೂ ಏನು ಸಂಬಂಧ ಎಂಬ ಪ್ರಶ್ನೆ. ಒಂದು ಹಾಡು ಮರ ಮತ್ತು ಮೊಳೆ ಎರಡನ್ನೇ ಹಿಡಿದು ನಡೆಯುತ್ತದೆ. ಯೇಸು ಬಡಗಿ, ಅವನ ಕೈಯ ಸಾಮಾನು ಮರ ಮತ್ತು ಮೊಳೆ. ಕೊನೆಗೆ ಅವನನ್ನು ಏರಿಸಿದ್ದೂ ಅವುಗಳಿಂದಲೇ. ಇಷ್ಟೇ ವಿಷಯ. ಒಬ್ಬನೇ ಕವಿ ಕೂತು ಇದನ್ನು ಬರೆಯಬಹುದಿತ್ತು, ನಿಜ. ಆದರೆ ದುಡಿಮೆ ಬಗ್ಗೆ ಅಷ್ಟು ಮಾತಾಡದೆ ಕೂತಿದ್ದರೆ ಮತ್ತೆ ಆಕಾಶ, ಸಾಗರ, ಪರ್ವತ ಅಂತಲೇ ಬರೆದಿರುತ್ತಿದ್ದ ಎಂದು ನನ್ನ ಅನುಮಾನ.

ನಮ್ಮ ಕ್ವಾಯರಿನ ಕಥೆ ಹೇಳುತ್ತೇನೆ. ನಾನು ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ನಮ್ಮ ಕ್ವಾಯರಿನಲ್ಲಿ ಗಂಡಸರ ಸಾಲಿನಲ್ಲಿ ನಿಲ್ಲುವ ಒಬ್ಬರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಶನಿವಾರದ ಪ್ರಾಕ್ಟೀಸಿಗೆ ಉಗುರಿನ ಸಂದಿಯ ಗ್ರೀಸ್ ಸಮೇತ ಬರುತ್ತಿದ್ದರು. ಒಂದು ದಿನ ಗೀತೆಗಳ ಪುಸ್ತಕ ಕೈಯಲ್ಲಿ ಹಿಡಿದು, "ಸರ್, ನಮ್ಮ ಕೆಲಸದ ಮ್ಯಾಲ ಒಂದರ ಹಾಡು ಐತೇನ್ರಿ ಇದರಾಗ?" ಎಂದರು. ತಿರುವಿ ನೋಡಿದೆ. ಬಿತ್ತುವವನಿದ್ದಾನೆ, ಕೊಯ್ಯುವವನಿದ್ದಾನೆ, ಕುರುಬನಿದ್ದಾನೆ, ಬೆಸ್ತನಿದ್ದಾನೆ. ಫಿಟ್ಟರ್ ಇಲ್ಲ. ನರ್ಸ್ ಇಲ್ಲ. ಬಸ್ ಕಂಡಕ್ಟರ್ ಇಲ್ಲ.

ಸುಗ್ಗಿ ಆರಾಧನೆಗೆ ಒಂದು ಹಾಡು ಮಾಡೋಣ ಎಂದು ಕೂತೆವು. ಮೊದಲ ದಿನ ವಾದ್ಯ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಈ ವಾರ ನಿನ್ನ ಕೈ ಏನು ಮಾಡಿತು, ಅದಷ್ಟೇ ಹೇಳಬೇಕು. ಫಿಟ್ಟರ್ ಬ್ರೇಕ್ ಬ್ಲಾಕ್ ಬದಲಿಸಿದ್ದು ಹೇಳಿದರು. ಒಬ್ಬ ಹೆಣ್ಣುಮಗಳು ರಾತ್ರಿ ಪಾಳಿಯಲ್ಲಿ ರೋಗಿಗಳ ಹಾಸಿಗೆ ಬದಲಿಸಿದ್ದು ಹೇಳಿದಳು. ಟೇಲರ್ ಒಬ್ಬರು "ಕಾಜಾ ಹಾಕಿದೆ, ಇನ್ನೇನು" ಅಂದರು. ಆ 'ಇನ್ನೇನು' ಎಂಬುದೇ ಹಾಡಿನ ಪಲ್ಲವಿಯ ಕೊನೆಗೆ ಬಂದು ಕೂತಿತು, ಕರ್ತನೇ ಇದೇ ನನ್ನ ಕಾಣಿಕೆ, ಇನ್ನೇನು ಎಂದು. ಯಾರು ಬರೆದ ಸಾಲು ಎಂದು ಈಗ ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಒಬ್ಬ ಹಿರಿಯರು 'ಚರ್ಚಿನಲ್ಲಿ ಗ್ರೀಸಿನ ವಾಸನೆ ಯಾಕೆ' ಎಂದು ಕಮಿಟಿಯಲ್ಲಿ ಎತ್ತಿದರು. ಸಭಾಪಾಲಕರಾದ ಅಯ್ಯನವರು ಹಾಡಲು ಬಿಟ್ಟರು. ಆ ಭಾನುವಾರ ಫಿಟ್ಟರ್ ಮುಂದಿನ ಸಾಲಿನಲ್ಲಿ ನಿಂತಿದ್ದರು.

ನಿಮ್ಮ ಜಗಳಕ್ಕೆ ಎರಡು ಉಪಾಯ ಹೇಳುತ್ತೇನೆ. ಒಂದು, ಹೊಡೆದುಹಾಕಿದ ಸಾಲಿನ ಬಗ್ಗೆ ಅದೇ ದಿನ ವಾದ ಬೇಡ. ಮುಂದಿನ ಸಲ ಕೂಡಿದಾಗ ಬರೆದವನಿಗೇ ಅದು ಬೇಡವೆನಿಸಿರುತ್ತದೆ. ಇನ್ನೊಂದು, ಹೆಸರಿನ ವಿಷಯ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನ್ಯಾಶ್‌ವಿಲ್‌ನ (ಅಮೆರಿಕದಲ್ಲಿ ಹಾಡಿನ ಉದ್ಯಮದ ಊರು) ಗೀತೆ ಬರೆಯುವವರಲ್ಲಿ ಒಂದು ರೂಢಿಯಿದೆ. ಕೋಣೆಯಲ್ಲಿ ಕೂತವರಿಗೆಲ್ಲ ಸಮಪಾಲು, ಒಂದೇ ಒಂದು ಮಾತು ಕೊಟ್ಟವನಿಗೂ. ಜಗಳದ ಅರ್ಧ ಬೇರು ಅಲ್ಲೇ ಕತ್ತರಿಸಿಹೋಗುತ್ತದೆ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ದುಡಿಮೆಯೇ ಪೂಜೆ ಎಂಬುದನ್ನು ನಮ್ಮ ಶರಣರು 12ನೇ ಶತಮಾನದಲ್ಲೇ ಹೇಳಿಬಿಟ್ಟಿದ್ದಾರೆ. ಅಮೆರಿಕದವರು ಈಗ ಕಂಡುಹಿಡಿದರೇ?
*ವ್ಯಾಪಾರಿ, ಬಾಗಲಕೋಟೆ*

ಹೇಳಿದ್ದಾರೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ವಚನ ಓದಿದವನಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಬೇಕಾದದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ ಗಂಡನಿಗೆ ಲಕ್ಕಮ್ಮ ಹಾಕಿದ ತರಾಟೆ ಯಾವ ಆಲ್ಬಮ್‌ನಲ್ಲೂ ನನಗೆ ಸಿಕ್ಕಿಲ್ಲ. ಆದರೆ 'ನಾವು ಮೊದಲೇ ಹೇಳಿದ್ದೆವು' ಎಂಬ ಸಂತೋಷ ನನಗೆ ಅಷ್ಟು ರುಚಿಸುವುದಿಲ್ಲ ಸಾಹುಕಾರರೇ. ಮೊದಲು ಹೇಳಿದವರ ಊರಿನಲ್ಲಿ ಈಗಲೂ ಗಟಾರ ತೆಗೆಯುವವನನ್ನು ಮನೆಯೊಳಗೆ ಕರೆಯುತ್ತೇವಾ? ಅವರಿಗೂ ನಮಗೂ ಬಾಕಿ ಇರುವ ಲೆಕ್ಕ ಒಂದೇ.

ಪ್ರಶ್ನೆ: ಈಗ ಎಲ್ಲ ಚರ್ಚುಗಳಲ್ಲೂ ಅದದೇ ಇಂಗ್ಲಿಷ್ ಹಾಡು, ಅದದೇ ಡ್ರಮ್ಸು, ಅದದೇ ದೀಪ. ಈ ಗುಂಪು ಅದರಿಂದ ಹೇಗೆ ಬೇರೆ? ಕೊನೆಗೆ ಎಲ್ಲ ದುಡ್ಡೇ ಅಲ್ವಾ?
*ಗೃಹಿಣಿ, ಬೆಂಗಳೂರು*

ಅದದೇ ಹಾಡು ಎಂಬುದು ನಿಮ್ಮ ಭ್ರಮೆಯಲ್ಲ ಅಮ್ಮಾ. 2023ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಲೆಕ್ಕ ಹಾಕಿದರು. 2010ರಿಂದ 2020ರವರೆಗೆ ಚರ್ಚುಗಳಲ್ಲಿ ಅತಿ ಹೆಚ್ಚು ಹಾಡಿದ ಪಟ್ಟಿಗೆ ಹೊಸದಾಗಿ ಏರಿದ ಹಾಡು 38. ಅದರಲ್ಲಿ 36 ಹಾಡುಗಳ ಬೇರು ನಾಲ್ಕೇ ನಾಲ್ಕು ದೊಡ್ಡ ಸಭೆಗಳಲ್ಲಿತ್ತು. ಕ್ಯಾಲಿಫೋರ್ನಿಯಾದ ಬೆಥೆಲ್, ನಾರ್ತ್ ಕ್ಯಾರೊಲಿನಾದ ಎಲಿವೇಷನ್, ಅಟ್ಲಾಂಟಾದ ಪ್ಯಾಷನ್, ಆಸ್ಟ್ರೇಲಿಯಾದ ಹಿಲ್‌ಸಾಂಗ್. ನಾಲ್ಕು ಅಡುಗೆಮನೆಯಿಂದ ಇಡೀ ಲೋಕಕ್ಕೆ ಊಟ.

ದುಡ್ಡು ಹೇಗೆ ಹರಿಯುತ್ತದೆ ಕೇಳಿ. 1988ರಿಂದ ಸಿ.ಸಿ.ಎಲ್.ಐ. ಎಂಬ ಲೈಸೆನ್ಸ್ ಸಂಸ್ಥೆ ಇದೆ. ಸಭೆಯ ಗಾತ್ರ ನೋಡಿ ಚರ್ಚ್ ವರ್ಷಕ್ಕಿಷ್ಟು ಕಟ್ಟುತ್ತದೆ. ಯಾವ ಹಾಡು ಹಾಡಿದೆವು ಎಂದು ವರದಿ ಮಾಡುತ್ತದೆ. ಆ ದುಡ್ಡು ಹಕ್ಕುದಾರರಿಗೆ ಹಂಚಿಹೋಗುತ್ತದೆ. ಜಾಸ್ತಿ ಹಾಡಿದ್ದಕ್ಕೆ ಜಾಸ್ತಿ. ಹಾಗಾಗಿ ಎಲ್ಲ ಊರಿಗೂ ಹೊಂದುವ, ಯಾವ ಊರಿನ ಹೆಸರೂ ಇಲ್ಲದ ಹಾಡಿಗೆ ಲಾಭ. ಸತ್ತವನ ಕುತ್ತಿಗೆಯ ಬಗ್ಗೆ ಹಾಡು ಕಟ್ಟಿದರೆ ಆ ಪಟ್ಟಿಗೆ ಏರುವುದು ಕಷ್ಟ. ಪೋರ್ಟರ್ಸ್ ಗೇಟ್‌ನವರೂ ಆಲ್ಬಮ್ ಮಾರುತ್ತಾರೆ, ಹಕ್ಕು ಇಟ್ಟುಕೊಂಡಿದ್ದಾರೆ. ಸನ್ಯಾಸಿಗಳಲ್ಲ. ಆದರೆ ದುಡ್ಡೇ ಗುರಿಯಾಗಿದ್ದರೆ 2022ರಲ್ಲಿ ಹವಾಮಾನದ ಮೇಲೆ ಇಡೀ ಒಂದು ಆಲ್ಬಮ್ ಮಾಡುತ್ತಿರಲಿಲ್ಲ. ಅದನ್ನು ಯಾವ ದೊಡ್ಡ ಸಭೆ ದೀಪ ಹಾಕಿಕೊಂಡು ಹಾಡುತ್ತದೆ ಹೇಳಿ?

ಇಂಥವರು ಇವರೊಬ್ಬರೇ ಅಲ್ಲ. ಷಾರ್ಲಟ್ಸ್‌ವಿಲ್‌ನಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ದೂರದಲ್ಲಿ ರಿಚ್ಮಂಡ್ ಇದೆ. ಗುಲಾಮಗಿರಿ ಉಳಿಸಲು ಯುದ್ಧ ಮಾಡಿದ ರಾಜ್ಯಗಳ ರಾಜಧಾನಿಯಾಗಿದ್ದ ಊರು. ಅಲ್ಲಿನ ಚರ್ಚ್ ಹಿಲ್ ಬಡಾವಣೆಯಲ್ಲಿ 'ಅರ್ಬನ್ ಡಾಕ್ಸಾಲಜಿ' ಎಂಬ ಗುಂಪಿದೆ. ಬೇಸಿಗೆಯಲ್ಲಿ ಬೇರೆ ಬೇರೆ ಬಣ್ಣದ, ಬೇರೆ ಬೇರೆ ಹಿನ್ನೆಲೆಯ ಹುಡುಗ ಹುಡುಗಿಯರನ್ನು ಕರೆಸಿ, ಜನಾಂಗ ಮತ್ತು ವರ್ಗದ ಇತಿಹಾಸ ಓದಿಸಿ, ಜೊತೆಗೆ ಹಾಡು ಬರೆಸುತ್ತಾರೆ. ಆ ಹಾಡು ಮೊದಲು ಹಾಡಬೇಕಾದದ್ದು ಅದೇ ಬಡಾವಣೆಯ ಸಭೆ. ನನಗೆ ಒಳಗೊಳಗೇ ಇವರ ಮೇಲೆ ಪ್ರೀತಿ ಒಂದು ತೂಕ ಜಾಸ್ತಿ. ಪೋರ್ಟರ್ಸ್ ಗೇಟ್‌ನವರು ಕೂಡಿ, ಹಾಡಿ, ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ರಿಚ್ಮಂಡ್‌ನವರಿಗೆ ಪಕ್ಕದ ಮನೆಯವರೇ ಕೇಳುಗರು. ಸುಳ್ಳು ಬರೆದರೆ ಮರುದಿನವೇ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಈ ಹಾಡುಗಳನ್ನು ಕನ್ನಡಕ್ಕೆ ಮಾಡಿ ನಮ್ಮ ಚರ್ಚಿನಲ್ಲಿ ಹಾಡಬಹುದೇ? ವಿಡಿಯೋ ಮಾಡಿ ಹಾಕಬಹುದೇ? ಯಾರಾದರೂ ಕೇಸು ಹಾಕುತ್ತಾರಾ?
*ಕ್ವಾಯರ್ ಕಾರ್ಯದರ್ಶಿ, ಶಿವಮೊಗ್ಗ*

ಮೂರು ಪ್ರಶ್ನೆ ಒಂದರಲ್ಲಿ ಸುತ್ತಿ ಕಳಿಸಿದ್ದೀರಿ.

ಆರಾಧನೆಯಲ್ಲಿ ಹಾಡುವುದಕ್ಕೆ ತೊಂದರೆಯಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ, ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ ಎಂದಿದೆ. ಆದರೆ ಅನುವಾದ ಬೇರೆ ಮಾತು. ಅನುವಾದ ಮಾಡುವ ಹಕ್ಕೂ ಬರೆದವರದೇ. ಪುಸ್ತಕದಲ್ಲಿ ಅಚ್ಚು ಹಾಕಿಸುವುದು, ವಿಡಿಯೋ ಮಾಡಿ ಹಾಕುವುದು ಇವಕ್ಕೆಲ್ಲ ಒಪ್ಪಿಗೆ ಬೇಕು. ಬರೆದವರು ತೀರಿಕೊಂಡು 60 ವರ್ಷ ಕಳೆದಿದ್ದರೆ ನಮ್ಮ ದೇಶದಲ್ಲಿ ಆ ಗೀತೆ ಎಲ್ಲರದು. ಇವರೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಒಂದು ಇಮೇಲ್ ಬರೆದು ಕೇಳಿ. ಕೇಳುವುದಕ್ಕೆ ದುಡ್ಡಿಲ್ಲ.

ಕಾನೂನಿಗಿಂತ ದೊಡ್ಡ ತೊಡಕು ನಾಲಿಗೆಯದು. ಇಂಗ್ಲಿಷ್ ಹಾಡಿನ ಸಾಲು ಗಟ್ಟಿ ಪೆಟ್ಟಿನಲ್ಲಿ ನಿಲ್ಲುತ್ತದೆ. ಕನ್ನಡದ ಸಾಲು ಸ್ವರದಲ್ಲಿ ಎಳೆದು ಮುಗಿಯುತ್ತದೆ, ಕ್ರಿಯಾಪದ ಕೊನೆಗೆ ಬಂದು ಉದ್ದವಾಗುತ್ತದೆ. ರಾಗ ಇಟ್ಟುಕೊಂಡು ಮಾತು ತುರುಕಿದರೆ 'ಸ್ತುತಿಸುತ್ತೇವೆ' ಎಂಬುದು ಎರಡು ಸ್ವರದಲ್ಲಿ ಉಸಿರುಗಟ್ಟುತ್ತದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಕಾಲದಿಂದ ಈ ಕುಸ್ತಿ ನಡೆದಿದೆ. ಜರ್ಮನ್ ರಾಗಕ್ಕೆ ಕನ್ನಡ ಹೊಲಿದ ಗೀತೆಗಳನ್ನು ನಾನು ಚಿಕ್ಕಂದಿನಿಂದ ಹಾಡುತ್ತಿದ್ದೇನೆ. ಕೆಲವು ಚೆನ್ನಾಗಿವೆ. ಕೆಲವನ್ನು ಹಾಡುವಾಗ ಪದ ಎಲ್ಲಿ ಒಡೆಯಬೇಕು ಎಂದು ಈಗಲೂ ಪೆನ್ಸಿಲ್ ಗುರುತು ಹಾಕಿಕೊಳ್ಳಬೇಕು. ನಿಘಂಟಿನ ಕಿಟೆಲ್ ಇದನ್ನು ಬೇಗ ಗುರುತಿಸಿದರು. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಬರೆದರು. ಜರ್ಮನಿಯಿಂದ ಬಂದವರಿಗೆ ಹೊಳೆದದ್ದು ನಮಗೆ ಇನ್ನೂ ಪೂರ್ತಿ ಹೊಳೆದಿಲ್ಲ ನೋಡಿ.

ಹಾಗಾಗಿ ನನ್ನನ್ನು ಕೇಳಿದರೆ ಅವರ ಹಾಡು ಬಿಡಿ, ಅವರು ಕೂತ ರೀತಿ ತೆಗೆದುಕೊಳ್ಳಿ. 'ವರ್ಕ್ ಸಾಂಗ್ಸ್'ನ ಒಂದು ಹಾಡು 90ನೇ ಕೀರ್ತನೆಯ ಕೊನೆಯ ವಚನದ ಮೇಲೆ ನಿಂತಿದೆ. ನಮ್ಮ ಕೈಯ ಕೆಲಸವನ್ನು ನೆಲೆಗೊಳಿಸು ಎಂಬ ಬೇಡಿಕೆ ಅದು. ಮೋಶೆಯ ಹೆಸರಿನಲ್ಲಿರುವ ಪ್ರಾರ್ಥನೆ, ಅದರ ಅರ್ಥಕ್ಕೆ ಯಾರೂ ಮಾಲೀಕರಿಲ್ಲ. ಸತ್ಯವೇದದ ಹೊಸ ಅನುವಾದಗಳಿಗೆ ಹಕ್ಕುದಾರರಿದ್ದಾರೆ, ಅದಕ್ಕೇ ಅರ್ಥ ಹಿಡಿದು ನಿಮ್ಮ ಮಾತಿನಲ್ಲಿ ಕಟ್ಟಿ. ನಮ್ಮ ಕಡೆಯಾದರೆ ಭೂಪ್ ರಾಗ ಸಾಕು. ಐದೇ ಸ್ವರ, ಎಲ್ಲರ ಗಂಟಲಿಗೂ ಸಿಗುತ್ತದೆ. ನಿಮ್ಮ ಕಡೆ ಮೋಹನ ಎನ್ನುತ್ತೀರಿ. ಮಧ್ಯದಲ್ಲಿ ನಿಮ್ಮ ಸಭೆಯವರು ಮಾಡುವ ಕೆಲಸಗಳನ್ನು ಹೆಸರು ಹಿಡಿದು ಸೇರಿಸಿ. ಅಡಿಕೆ ಸುಲಿಯುವವರಿದ್ದರೆ ಅವರೂ ಬರಲಿ. ಆ ಸಾಲನ್ನು ಮಾತ್ರ ಅವರಿಂದಲೇ ಬರೆಸಿ, ನೀವು ಊಹಿಸಿ ಬರೆಯಬೇಡಿ.

ಪ್ರಶ್ನೆ: ಎಲ್ಲಿಂದ ಕೇಳಲು ಶುರು ಮಾಡಲಿ?
*ಹೆಸರು ಬರೆಯದ ಓದುಗರು, ಪೋಸ್ಟ್‌ಕಾರ್ಡ್‌ನಲ್ಲಿ*

'ವರ್ಕ್ ಸಾಂಗ್ಸ್', 2017. ಆಮೇಲೆ 'ಲಮೆಂಟ್ ಸಾಂಗ್ಸ್'. 2019ರ 'ನೇಬರ್ ಸಾಂಗ್ಸ್' ನೆರೆಯವರ ಬಗ್ಗೆ, ಮೃದುವಾಗಿದೆ, ಸ್ವಲ್ಪ ಜಾಸ್ತಿಯೇ ಮೃದು. ಅಡುಗೆ ಮಾಡುತ್ತಾ ಕೇಳಬಹುದು. ಗೋಳಿನ ಆಲ್ಬಮ್ ಮಾತ್ರ ಬೇರೆ ಕೆಲಸ ಮಾಡುತ್ತಾ ಕೇಳಬೇಡಿ. ಪೋಸ್ಟ್‌ಕಾರ್ಡ್ ಬರೆಯುವವರು ಇನ್ನೂ ಇದ್ದಾರೆ ಎಂದು ನಮ್ಮ ಸಂಪಾದಕರು ಅದನ್ನು ಎಲ್ಲರಿಗೂ ತೋರಿಸಿದರು. ಮುಂದಿನ ಸಲ ವಿಳಾಸ ಬರೆಯಿರಿ, ಉತ್ತರ ಅಂಚೆಯಲ್ಲೇ ಕಳಿಸುತ್ತೇನೆ.